ಎಲೆಅಡಿಕೆ ಚೀಲದ ಆಡಳಿತ

ಹೊದಿಕೆಯ ಅಂಚು ವಾರೆಯಾಗಿದ್ದರೆ ನನಗೆ ಇಂದಿಗೂ ತಿಂಡಿ ಸೇರುವುದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಹೆಡ್ ಸಿಸ್ಟರ್ ಆಗಿದ್ದವಳು ನಾನು. ನಾಲ್ಕು ಜನರನ್ನು ನಡೆಸುವವರಿಗೆ ಗಂಟಲು, ಗಡಿಯಾರ ಎರಡೂ ಗಟ್ಟಿಯಿರಬೇಕು ಎಂಬುದು ನನ್ನ ಸಿದ್ಧಾಂತ. ಮಧ್ಯಾಹ್ನ ನನ್ನಿಂದ ವಾರ್ಡು ವಹಿಸಿಕೊಳ್ಳುತ್ತಿದ್ದ ಪಾಂಡವಪುರದ ಜಯಮ್ಮನಿಗೆ ಸಿದ್ಧಾಂತಗಳೇ ಇರಲಿಲ್ಲ. ಆಕೆಗೆ ಕಿರಿಯ ನರ್ಸುಗಳೆಲ್ಲ ತಂಗಿಯರು, ರೋಗಿಗಳೆಲ್ಲ ನೆಂಟರು. ನಾನು ಬಂದರೆ ಹುಡುಗಿಯರು ಎದ್ದು ನಿಲ್ಲುತ್ತಿದ್ದರು. ಆಕೆ ಬಂದರೆ ಡಬ್ಬಿ ತೆರೆದು ಕೋಡುಬಳೆ ಕೊಡುತ್ತಿದ್ದರು. ನನಗೆ ಯಾರೂ ಒಂದು ದಿನವಾದರೂ ಕೋಡುಬಳೆ ಕೊಟ್ಟವರಲ್ಲ.

ಇಬ್ಬರ ಆಡಳಿತಕ್ಕೂ ಸವಾಲಾಗಿ ಬಂದವಳು ಶೀಳನೆರೆಯ ನಿಂಗಜ್ಜಿ. ಹೊಟ್ಟೆಯ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಅಜ್ಜಿ ಮಾತ್ರ ಮಂಚದಿಂದ ಇಳಿಯಲೊಲ್ಲಳು. "ಹೀಗೇ ಮಲಗಿದ್ದರೆ ಎದೆಯಲ್ಲಿ ಕಫ ಕಟ್ಟುತ್ತೆ. ಆಮೇಲೆ ಉಳಿಸಿಕೊಳ್ಳೋದು ಕಷ್ಟ" ಎಂದು ಡಾಕ್ಟರು ನಮ್ಮಿಬ್ಬರನ್ನೂ ಕರೆದು ಹೇಳಿದರು. ನಾನು ಆಜ್ಞೆ ಮಾಡಿದೆ. "ಸೂಜಿ ಬೇಕಾರೆ ಇನ್ನೊಂದು ಚುಚ್ಚವ್ವ, ನಡಿ ಅಂತ ಮಾತ್ರ ಅನ್ಬ್ಯಾಡ" ಎಂದು ಅಜ್ಜಿ ಗೋಡೆಗೆ ಮುಖ ತಿರುಗಿಸಿದಳು. ಜಯಮ್ಮ ತಲೆ ನೇವರಿಸಿ ಕೇಳಿದಳು. "ನಾಳೀಕೆ ನೋಡಾನ ಬುಡವ್ವ" ಎಂಬ ಉತ್ತರ ಬಂತು. "ಆಗ್ಲಿ ಬುಡಜ್ಜಿ" ಎಂದು ಆಕೆ ಒಪ್ಪಿಯೂಬಿಟ್ಟಳು!

ಮರುದಿನ ಬೆಳಿಗ್ಗೆ, ಸಿಟ್ಟು ಬಂದಾಗ ನಾನು ಮಾಡುವುದನ್ನೇ ಮಾಡಿದೆ: ವಾರ್ಡು ಓರಣ ಮಾಡಿದೆ. ಮಂಚದ ಮೇಲೆ ರೋಗಿಯ ಹೊರತು ಮತ್ತೇನೂ ಇರಕೂಡದು. ಹಲ್ಲಿಲ್ಲದ ಅಜ್ಜಿ ಸುಮ್ಮನೆ ಮುಟ್ಟಿ ಮುಟ್ಟಿ ನೋಡಲೆಂದು ದಿಂಬಿನಡಿ ಇಟ್ಟುಕೊಂಡಿದ್ದ ಎಲೆಅಡಿಕೆ ಚೀಲವನ್ನು ಎತ್ತಿ, ವಾರ್ಡಿನ ಆ ಕೊನೆಯ ಕಿಟಕಿಯಲ್ಲಿಟ್ಟೆ.

ಬೆನ್ನ ಹಿಂದೆ ಮಂಚ ಕಿರುಗುಟ್ಟಿತು. "ನಿನ್ ಕೈ ಸೇದೋಗ! ನಮ್ಮತ್ತೆ ಕೊಟ್ಟ ಚೀಲ ಕಣೆ ಅದು!" ಅಜ್ಜಿ ಮಂಚದಿಂದ ಮಂಚಕ್ಕೆ ಕೈಯೂರಿಕೊಂಡು ಬರುತ್ತಿದ್ದಳು. ಹಿಡಿದುಕೊಳ್ಳಲು ಓಡಿದೆ. ನನ್ನ ಕೈ ತಳ್ಳಿ ಕಿಟಕಿಯವರೆಗೂ ನಡೆದೇಬಿಟ್ಟಳು.

ಸುದ್ದಿ ಕೇಳಿ ಜಯಮ್ಮ ನಕ್ಕು ನಕ್ಕು ಸುಸ್ತಾದಳು. "ಅಕ್ಕಾ, ದಿನಾ ನೀವು ಮನೆಗೆ ಹೊರಡೋವಾಗ ಅಲ್ಲೇ ಮಡಗಿ. ಬೈಸ್ಕೊಳೋದು ನಿಮ್ಮ ಪಾಲು, ತೋಳಿಡ್ಕಂಡು ನಡೆಸೋದು ನನ್ನ ಪಾಲು." ಹಾಗೆಯೇ ನಡೆಯಿತು. ಅಜ್ಜಿ ತನ್ನ ಕಾಲ ಮೇಲೆಯೇ ಹೋಗಿ ಬಸ್ಸು ಹತ್ತಿದಳು. ಹೊರಡುವಾಗ ಜಯಮ್ಮನನ್ನು ಹರಸಿದಳು. ನನ್ನನ್ನು ಕಂಡು ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

ಈಗ ಮಂಡಿನೋವು ನನ್ನದು. ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ. ನಾನು ಕುರ್ಚಿ ಬಿಡುವುದಿಲ್ಲ. ಸೊಸೆ ನನ್ನ ಕಾಫಿ ಲೋಟವನ್ನು ಹಿತ್ತಿಲ ಕಟ್ಟೆಯ ಮೇಲಿಟ್ಟು ಹೋಗುತ್ತಾಳೆ. ಯಾರು ಕಲಿಸಿದರೆಂದು ಕೇಳುವಂತಿಲ್ಲ. ಕತೆ ಹೇಳಿ ಹೇಳಿ ನಾನೇ ಕಲಿಸಿದ್ದು. "ನಿನ್ ಕೈ ಸೇದೋಗ" ಎಂದು ಗೊಣಗುತ್ತ ಎದ್ದು ಹೋಗುತ್ತೇನೆ. ಲೋಟದ ಪಕ್ಕದಲ್ಲಿ ಎರಡು ಕೋಡುಬಳೆ ಇರುತ್ತವೆ.