ಆರು ಗಜದ ಆಟ

"ಕಸ್ತೂರಿ, ಇನ್ನ ಮ್ಯಾಲ ನಮ್ಮ ಮಗ್ಗಕ್ಕ ರಟ್ಟಿನ ಹಂಗಿಲ್ಲ!" ಎಂದು ಮುರಿಗೆಪ್ಪ ಕೈ ತಟ್ಟಿ ಸಾರಿದಾಗ ಬನಹಟ್ಟಿಯ ಆ ಓಣಿಯಲ್ಲಿ ಮಧ್ಯಾಹ್ನದ ಹನ್ನೆರಡು ಗಂಟೆ. ಅವನ ಹೆಂಡತಿ ಕಸ್ತೂರೆವ್ವ ರೊಟ್ಟಿ ತಟ್ಟುವುದನ್ನು ಬಿಟ್ಟು ಓಡಿ ಬಂದಳು. ಗಂಡ ಹೀಗೆ ಕೈ ತಟ್ಟಿದಾಗಲೆಲ್ಲ ಏನಾದರೊಂದು ಕೆಟ್ಟೇ ಕೆಡುತ್ತದೆ ಎಂಬುದು ಅವಳ ಇಪ್ಪತ್ತು ವರ್ಷದ ಅನುಭವ. ಹೋದ ಸಲ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತುವ ಯಂತ್ರ ಮಾಡಿದ್ದ. ಅದು ಸುತ್ತಿದ ಕಂಡಿಕೆಗಳಲ್ಲಿ ಅರ್ಧ ಇನ್ನೂ ಪಕ್ಕದ ಮನೆಯ ಮಾಳಿಗೆಯ ಮೇಲಿವೆ!

ಕರೆಂಟಿನ ಮಗ್ಗದ ತಲೆಯ ಮೇಲೆ ಚಿತ್ತಾರ ಎತ್ತುವ ಜಕಾರ್ಡಿಗೆ ಇಷ್ಟು ದಿನ ತೂತು ಹೊಡೆದ ರಟ್ಟುಗಳ ಮಾಲೆ ಹಾಕುತ್ತಿದ್ದರು. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಆ ತೂತುಗಳೇ ಹೇಳುತ್ತಿದ್ದವು. ಈಗ ಮಾಲೆ ಮಾಯವಾಗಿ, ಅದರ ಜಾಗದಲ್ಲಿ ಅಂಗೈಯಗಲದ ಕಂಪ್ಯೂಟರೊಂದು ಕೂತಿತ್ತು. ಅದಕ್ಕೊಂದು ಹಳೆಯ ಟಿವಿ ಬೇರೆ.

"ಟಿವಿ ಮ್ಯಾಲ ಏನ ಚಿತ್ರ ಬರತೈತೋ, ಮಗ್ಗ ಅದನ್ನ ನೇಯತೈತಿ. ಸಾಫ್ಟ್‌ವೇರಿಗೆ ಒಂದ ಪೈಸಾ ಕೊಟ್ಟಿಲ್ಲ! ಓಪನ್ ಸೋರ್ಸ್! ಜಗತ್ತಿನ ಮಂದಿ ಬರದ ಇಟ್ಟಾರ. ಯಾರ ಬೇಕಾದ್ರೂ ತಗೋಬಹುದು, ಯಾರ ಬೇಕಾದ್ರೂ ತಿದ್ದಬಹುದು."

"ನೀವೇನ ತಿದ್ದಿಲ್ಲ ಹೌದಲ್ರಿ?"

"ಒಂದೀಟ," ಎಂದ ಮುರಿಗೆಪ್ಪ.

ಮಗ್ಗದ ಮೇಲೆ ಬಿಗಿದ ಉದ್ದೆಳೆಗಳು, ಅಂದರೆ ಹಾಸು, ದಿನನಿತ್ಯದ್ದಲ್ಲ. ಅಕ್ಕನ ಮಗಳು ಮಧುಮತಿಯನ್ನು ತೊಟ್ಟಿಲಿಗೆ ಹಾಕಿದ ದಿನವೇ "ಇಕಿ ಮದವಿ ಸೀರಿ ನನ್ನ ಮಗ್ಗದ್ದ" ಎಂದು ಕಸ್ತೂರೆವ್ವ ಮಾತು ಕೊಟ್ಟಿದ್ದಳು. ಗಿಳಿಹಸಿರು ರೇಷ್ಮೆ, ಸರಿಯಾಗಿ ಒಂದೇ ಸೀರೆಗಾಗುವಷ್ಟು. ನಾಡಿದ್ದು ಮದುವೆ. ಸಂಜೆ ನಾಲ್ಕೂವರೆ ಬಸ್ಸಿಗೆ ಅಕ್ಕ ಬಸಲಿಂಗವ್ವ ಸೀರೆ ಒಯ್ಯಲು ಬರುವವಳಿದ್ದಳು.

ಮಗ್ಗ ಶುರುವಾಯಿತು. ಟಿವಿಯಲ್ಲಿದ್ದ ಮಾವಿನಕಾಯಿ ಚಿತ್ತಾರ ಸೀರೆಯಲ್ಲೂ ಚೆಂದವಾಗಿಯೇ ಮೂಡತೊಡಗಿತು. ಅಷ್ಟಕ್ಕೆ ಸುಮ್ಮನಾದರೆ ಅವನು ಮುರಿಗೆಪ್ಪ ಹೇಗಾದಾನು? "ಇದರಾಗ ಇನ್ನೊಂದ ಐತಿ, ನೋಡ!" ಎಂದು ಗುಂಡಿ ಒತ್ತಿದ. ಅವನು ಸಣ್ಣವನಿದ್ದಾಗ ಟಿವಿಗೆ ಪೆಟ್ಟಿಗೆ ಜೋಡಿಸಿ, ಕ್ಯಾಸೆಟ್ ಸಿಕ್ಕಿಸಿ ಆಡುತ್ತಿದ್ದ ಹಕ್ಕಿಯಾಟ ಪ್ರತ್ಯಕ್ಷವಾಯಿತು. ಆ ಪೆಟ್ಟಿಗೆ ಗುಜರಿಗೆ ಹೋಗಿ ಯಾವ ಕಾಲವಾಯಿತೋ! ಎಮ್ಯುಲೇಟರ್ ಎಂಬ ಸಾಫ್ಟ್‌ವೇರು ತಾನೇ ಹಳೆಯ ಪೆಟ್ಟಿಗೆಯ ವೇಷ ಹಾಕಿಕೊಂಡು ಆಟವನ್ನು ನಂಬಿಸುತ್ತದೆ. ಜೋಳದ ಕಾಳು ಹೆಕ್ಕುವ ಹಕ್ಕಿ, ಅದನ್ನು ಅಟ್ಟಿಸಿಕೊಂಡು ಬರುವ ಡೊಳ್ಳುಹೊಟ್ಟೆಯ ಬೆಕ್ಕು. ಲಾಳಿ ಒಮ್ಮೆ ಓಡಿದರೆ ಆಟ ಒಂದು ಹೆಜ್ಜೆ ಮುಂದೆ. ಮೂರು ಹಕ್ಕಿ ಸತ್ತರೆ ಕತೆ ಮುಗಿದಂತೆ.

ಮೊದಲ ಹಕ್ಕಿ ಸ್ವಲ್ಪ ಹೊತ್ತಿಗೇ ಬೆಕ್ಕಿನ ಬಾಯಿಗೆ ಬಿತ್ತು.

"ರೀ! ಸೀರಿ ನೋಡ್ರಿ!"

ಹಸಿರು ರೇಷ್ಮೆಯ ಮೇಲೆ, ಹೊಳೆಯುವ ಜರಿಯಲ್ಲಿ, ಒಂದು ಹಕ್ಕಿ ಕಾಲು ಮೇಲೆ ಮಾಡಿ ಸತ್ತು ಮಲಗಿತ್ತು! ಹೌಹಾರಿದ ಮುರಿಗೆಪ್ಪ ಅತ್ತ ತಿರುಗಿದ್ದೇ ತಡ, ಎರಡನೆಯದೂ ಹೋಗಿ ಮೊದಲನೆಯದರ ಪಕ್ಕದಲ್ಲೇ ಮಲಗಿತು.

"ಬಂದ್ ಮಾಡ್ರಿ ಅದನ್ನ!"

"ಬಂದ್ ಮಾಡಿದ್ರ 'ಆಟ ಮುಗಿಯಿತು' ಅಂತ ಇಷ್ಟಿಷ್ಟ ದೊಡ್ಡ ಅಕ್ಷರ ನೇಯ್ದ ನಿಲ್ಲತೈತಿ."

"ಮದವಿ ಸೀರಿ ಮ್ಯಾಲ? ಅದೂ ಕನ್ನಡದಾಗ?"

"ಕನ್ನಡಕ್ಕ ತಂದಾವ ನಾನ," ಎಂದ ಮುರಿಗೆಪ್ಪ. ಆ ಹೊತ್ತಿನಲ್ಲೂ ಅವನ ದನಿಯಲ್ಲಿ ಜಂಬವಿತ್ತು.

"ಕರೆಂಟ್ ತಗೀರಿ!"

"ಮಗ್ಗಕ್ಕೂ ಕಂಪ್ಯೂಟರಿಗೂ ಬ್ಯಾಟರಿ ಹಾಕೇನಿ, ಕರೆಂಟ್ ಹೋದ್ರೂ ನಿಲ್ಲಬಾರದಂತ."

"ತಿದ್ದಬಹುದು ಅಂದ್ರೆಲ್ಲಾ, ತಿದ್ದರಿ!"

"ತಿದ್ದೇನಿ ಕಸ್ತೂರಿ! ತಿದ್ದಿದ್ದಕ್ಕ ಹಿಂಗಾಗೈತಿ!"

ನೇಯ್ದದ್ದನ್ನು ಬಿಚ್ಚುವಂತಿಲ್ಲ, ಜರಿ ಎಳೆದರೆ ಹಾಸೇ ಹರಿಯುತ್ತದೆ. ಉಳಿದದ್ದು ಒಂದೇ ದಾರಿ. ಸೀರೆ ಮುಗಿಯುವವರೆಗೂ ಮೂರನೆಯ ಹಕ್ಕಿ ಬದುಕಿರಬೇಕು.

"ಸರೀರಿ ಆ ಕಡೆ," ಎಂದು ಕಸ್ತೂರೆವ್ವ ಆಟ ಆಡಿಸುವ ಗುಂಡಿಗಳ ಹಲಗೆಯನ್ನು ಗಂಡನ ಕೈಯಿಂದ ಕಿತ್ತುಕೊಂಡಳು. ಹುಟ್ಟಿದಂದಿನಿಂದ ಇಂಥದ್ದನ್ನು ಮುಟ್ಟಿದವಳಲ್ಲ. ಮೂರು ಸಲ ಬೆಕ್ಕು ಹಕ್ಕಿಯ ಬಾಲದ ತನಕ ಬಂದು ಹೋಯಿತು. ಆಮೇಲೆ ಬೆರಳು ಪಳಗಿದವು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಲ್ಲಿ ನೆರೆದರು. "ಎಡಕ್ಕ! ಅಯ್ಯ, ಬಲಕ್ಕ!" ಎಂದು ಅವರು ಕೂಗುವುದು, "ಬಾಯಿ ಮುಚ್ಚರೇ!" ಎಂದು ಇವಳು ಗದರುವುದು.

ಒಂದೂವರೆ ಗಂಟೆಯಲ್ಲಿ ಅರ್ಧ ಸೀರೆ ಆಯಿತು. ಮುರಿಗೆಪ್ಪನಿಗೆ ಆನಂದ ತಡೆಯಲಾಗಲಿಲ್ಲ. "ಶಭಾಷ್!" ಎಂದು ಟಿವಿಯ ನೆತ್ತಿಗೊಂದು ಬಾರಿಸಿದ.

ಟಿವಿ ಕಪ್ಪಾಯಿತು!

ಕಂಪ್ಯೂಟರು ಮಾತ್ರ ಆಡುತ್ತಲೇ ಇತ್ತು, ಮಗ್ಗ ನೇಯುತ್ತಲೇ ಇತ್ತು. ಹೆಂಗಸರು "ಅಯ್ಯಯ್ಯೋ!" ಎಂದರು. ಮುರಿಗೆಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಕಸ್ತೂರೆವ್ವನಿಗೆ ಒಂದು ಕ್ಷಣ ಅಳುವೇ ಬಂತು. ಮರುಕ್ಷಣ ಅವಳ ಕಿವಿ ನಿಮಿರಿತು. ಖಟಕ್, ಪಟಕ್. ಖಟಕ್, ಪಟಕ್. ನಡುವೆ ಜಕಾರ್ಡು ಭಾರಕ್ಕೆ ಒಮ್ಮೆ ನರಳಿತು. ಒಂದು ಎಳೆ ಹರಿದರೂ ಅಡುಗೆಮನೆಯಲ್ಲಿ ಕೂತೇ ಹೇಳಬಲ್ಲ ಕಿವಿ ಅವಳದು. ನರಳಿತೆಂದರೆ ಹೆಚ್ಚು ಎಳೆ ಎದ್ದಿವೆ. ಹೆಚ್ಚು ಎಳೆ ಎದ್ದಿವೆಯೆಂದರೆ ಡೊಳ್ಳುಹೊಟ್ಟೆ ಹತ್ತಿರ ಬಂದಿದೆ!

ಅವಳು ಗುಂಡಿ ಒತ್ತಿದಳು. ಬಗ್ಗಿ ನೋಡಿದರೆ ಸೀರೆಯಲ್ಲಿ ಹಕ್ಕಿ ಪಾರಾಗಿತ್ತು.

"ಟಿವಿ ಯಾಕ ಬೇಕ್ರಿ? ಆಟ ಸೀರ್ಯಾಗ ಬರಾಕತ್ತೈತಿ!"

ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರಿರಲಿಲ್ಲ. ಕಿವಿ ಮಗ್ಗದ ಮೇಲೆ, ಕಣ್ಣು ನೇಯ್ಗೆಯ ಮೇಲೆ. ಯಾರೋ ಬಾಯಿಗೆ ರೊಟ್ಟಿ ತುರುಕಿದರು. ಕಂಡಿಕೆ ಮುಗಿಯುವ ಸದ್ದನ್ನೂ ಅವಳೇ ಹಿಡಿದು "ಬದಲಿಸ್ರಿ!" ಎಂದು ಗಂಡನನ್ನು ಓಡಾಡಿಸಿದಳು. ಹಸಿರು ರೇಷ್ಮೆಯ ಮೇಲೆ ಹಕ್ಕಿಗಳ ಸಾಲು, ಕಾಳಿನ ಸಾಲು, ಹತಾಶ ಬೆಕ್ಕುಗಳ ಸಾಲು. ಎಂಥ ಚಿತ್ತಾರದ ಪುಸ್ತಕದಲ್ಲೂ ಇಲ್ಲದ ಸೀರೆ ಅದು!

ಸೆರಗಿಗೆ ಬರುವಷ್ಟರಲ್ಲಿ ಹಕ್ಕಿ ಕೊನೆಯ ಕಾಳನ್ನೂ ಹೆಕ್ಕಿತು, ಜಕಾರ್ಡು ಬೇರೆ ರಾಗ ತೆಗೆಯಿತು. ನೋಡನೋಡುತ್ತ ಅಕ್ಷರಗಳು ಮೂಡಿದವು. ಎಲ್ಲರೂ ಒಟ್ಟಿಗೇ ಓದಿದರು: "ಆಟ ಗೆದ್ದವರ ಹೆಸರು?"

ಸೀರೆಯೇ ಹೆಸರು ಕೇಳುತ್ತಿತ್ತು! ಅಕ್ಷರ ಒತ್ತುವ ಕಂಪ್ಯೂಟರಿನ ಕೀಲಿಮಣೆ ಮುರಿಗೆಪ್ಪನ ಹತ್ತಿರವಿತ್ತು. ಅವನು ತನ್ನ ಯಂತ್ರವನ್ನು ಒಮ್ಮೆ ನೋಡಿದ, ಹೆಂಡತಿಯನ್ನು ಒಮ್ಮೆ ನೋಡಿದ, ಆಮೇಲೆ ಒಂದೊಂದೇ ಅಕ್ಷರ ಒತ್ತಿದ.

ಸೆರಗಿನ ನಡುಮಧ್ಯೆ, ಗೇಣುದ್ದದ ಜರಿ ಅಕ್ಷರಗಳಲ್ಲಿ ಬಂತು: ಕಸ್ತೂರೆವ್ವ.

ಇಪ್ಪತ್ತು ವರ್ಷದಲ್ಲಿ ಅವಳು ನೇಯ್ದ ಸೀರೆಗಳಿಗೆ ಲೆಕ್ಕವಿಲ್ಲ. ಒಂದರ ಮೇಲೂ ನೇಯ್ದವಳ ಹೆಸರಿರಲಿಲ್ಲ. ಕಸ್ತೂರೆವ್ವ ಆ ಅಕ್ಷರಗಳ ಮೇಲೆ ಕೈಯಾಡಿಸಿ, ಎಲ್ಲರೆದುರು ಗೊಳೋ ಎಂದು ಅತ್ತಳು. ಅಷ್ಟು ಸಂತೋಷವಾಗಿತ್ತು ಅವಳಿಗೆ.

ನಾಲ್ಕೂವರೆ ಬಸ್ಸಿಗೆ ಬಸಲಿಂಗವ್ವ ಮಗಳನ್ನೂ ಕರೆದುಕೊಂಡು ಬಂದಳು. ಸೀರೆ ಬಿಡಿಸಿದವಳು ಬೆಕ್ಕುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸತೊಡಗಿದಳು. ಮಧುಮತಿ ಮಾತ್ರ ಸೆರಗು ಹೊದ್ದು ಗಿರ್‍ರನೆ ಒಂದು ಸುತ್ತು ತಿರುಗಿ, "ಚಿಗವ್ವ, ಹೆಸರ ಕಾಣೋ ಹಂಗ ಪಿನ್ ಹಾಕ್ಕೋತೀನಿ!" ಎಂದಳು. ಬಾಗಿಲಲ್ಲಿದ್ದ ಹೆಂಗಸರು ಆಗಲೇ ತಮ್ಮ ಸೀರೆ ಯಾವಾಗ ಆಡುವುದೆಂದು ಸರದಿ ಹಚ್ಚಿ ಜಗಳ ಶುರು ಮಾಡಿದ್ದರು.

ಬಸಲಿಂಗವ್ವ ಸೀರೆಯನ್ನು ಮಡಚುತ್ತ ಇನ್ನೊಂದು ತುದಿಗೆ ಬಂದಳು.

"ಕಸ್ತೂರಿ, ಇವೆರಡು ಯಾಕ ಕಾಲ ಮ್ಯಾಲ ಮಾಡಿ ಬಿದ್ದಾವು?"

"ಅವು ನಮ್ಮನಿಯವರವು," ಎಂದಳು ಕಸ್ತೂರೆವ್ವ. "ಉಡುವಾಗ ಆ ತುದಿ ಒಳಗ ಸಿಕ್ಕಿಸಿದ್ರ ಕಾಣಂಗಿಲ್ಲ ಬಿಡ."