ಅಡ್ಡಡ್ಡಕ್ಕೆ ಬೆಳೆದ ಮಗಳು

ದರ್ಜಿ ಅಳತೆರಾಯರಿಗೆ (ಊರು ಇಟ್ಟ ಹೆಸರು; ಅವರಿಗೆ ಅದು ಬಿರುದು) ಜಗತ್ತಿನಲ್ಲಿ ನಂಬಿಕೆಯಿದ್ದದ್ದು ಎರಡರ ಮೇಲೆ: ತಮ್ಮ ಕಣ್ಣು, ತಮ್ಮ ಟೇಪು. ಟೇಪನ್ನೂ ಆಗಾಗ ಸ್ಕೇಲಿನ ಪಕ್ಕ ಮಲಗಿಸಿ ವಿಚಾರಣೆ ನಡೆಸುತ್ತಿದ್ದರು. ಬೇರೆಯವರು ತಂದ ಅಳತೆಯನ್ನಂತೂ ಮುಟ್ಟುತ್ತಲೂ ಇರಲಿಲ್ಲ. “ಸೊಂಟದ ವಿಷಯಕ್ಕೆ ಬಂದ್ರೆ ಸಂನ್ಯಾಸಿಯೂ ಸುಳ್ಳು ಹೇಳ್ತಾನೆ” ಎನ್ನುವುದು ಅವರ ಸಿದ್ಧಾಂತ.

ಇಂಥವರಿಗೆ ಹೆಂಡತಿಯ ತಮ್ಮ ತನ್ನ ಹಳೆಯ ಲ್ಯಾಪ್‌ಟಾಪನ್ನು ಬಿಟ್ಟಿಯಾಗಿ ತಂದುಕೊಟ್ಟ. ದೂರದ ಹಾಸ್ಟೆಲಿನಲ್ಲಿರುವ ಮಗಳನ್ನು ಅಕ್ಕ ಭಾವ ದೊಡ್ಡ ಪರದೆಯಲ್ಲಿ ಕಣ್ತುಂಬ ನೋಡಲಿ ಎಂದು. ದಾನ ಕೊಟ್ಟ ದನದ ಹಲ್ಲು ಎಣಿಸಬಾರದಂತೆ. ಅಳತೆರಾಯರು ಹಲ್ಲು ಎಣಿಸಿ, ಬಾಲದ ಕೂದಲಿಗೂ ಕೈಹಾಕಿದರು.

“ಕಂಪ್ಯೂಟರ್ ಕ್ಲಾಸು ನಡೆಸೋನು ಸುಮ್‌ಸುಮ್ನೆ ಕೊಡ್ತಾನಾ? ಏನೋ ಇದೆ ಕಣೇ ಇದರಲ್ಲಿ.”

“ಇದೆ. ಅಕ್ಕನ ಮೇಲೆ ಪ್ರೀತಿ ಇದೆ. ನಿಮಗೆ ಅರ್ಥ ಆಗಲ್ಲ ಬಿಡಿ” ಎಂದಳು ಹೆಂಡತಿ.

ಮೊದಲ ದಿನವೇ ಪರದೆಯಲ್ಲಿ ಮಗಳನ್ನು ಕಂಡು ಅಳತೆರಾಯರು ದಂಗಾದರು. ಕಡ್ಡಿಯಂತೆ ಹೋಗಿದ್ದ ಹುಡುಗಿ ತಟ್ಟೆಯಗಲ ಮುಖ ಹೊತ್ತು ನಗುತ್ತಿದ್ದಾಳೆ! ಅವಳಿಗೆ ಮೊದಲ ಕೆಲಸದ ಸಂದರ್ಶನ ಬಂದಿತ್ತು, ಕೋಟು ಬೇಕಿತ್ತು. ಅಪ್ಪನ ಕೈಯಲ್ಲಿ ಹೊಲಿದ ಕೋಟು ತೊಟ್ಟು ಮಗಳು ಆ ಬಾಗಿಲು ದಾಟಬೇಕು ಎನ್ನುವುದು ಅಳತೆರಾಯರ ಬಹುದಿನದ ಆಸೆ.

“ಅಪ್ಪಾ, ಅಳತೆ ತೆಗೆದಿದ್ದೀನಿ, ಬರ್ಕೋ.”

“ಬೇಡ, ಸ್ವಲ್ಪ ಹಿಂದೆ ಹೋಗಿ ನೇರ ನಿಂತ್ಕೋ.”

ಟೇಪನ್ನು ಪರದೆಗೇ ಹಿಡಿದರು. ಮಗಳ ಎತ್ತರ ಅವರಿಗೆ ಬಾಯಿಪಾಠ. ಪರದೆಯಲ್ಲಿ ಎತ್ತರ ಇಷ್ಟಾದರೆ ಭುಜ ಎಷ್ಟು, ಎದೆ ಎಷ್ಟು ಎಂದು ಲೆಕ್ಕ ಹಾಕಿದರು. ಲೆಕ್ಕ ಅಚ್ಚುಕಟ್ಟು. ಮಗಳು ಮಾತ್ರ ಅಡ್ಡಡ್ಡಕ್ಕೆ ಬೆಳೆದಿದ್ದಳು.

“ರೀ, ಅವಳ ಹಿಂದಿನ ಗೋಡೆ ಗಡಿಯಾರ ನೋಡಿ, ಕುಂಬಳಕಾಯಿ ಥರ ಇದೆ. ಪರದೇನೇ ಸರಿಯಿಲ್ಲ.”

“ಹಾಸ್ಟೆಲಿನವರು ಅಗ್ಗದ ಗಡಿಯಾರ ತಂದಿರ್ತಾರೆ. ಮಾತು ಮರೆಸಬೇಡ. ನೀನು ಕದ್ದು ತಿಂಡಿ ಕಳಿಸ್ತಿದ್ದೀಯಾ ತಾನೇ?”

ಹೆಂಡತಿ ತಮ್ಮನಿಗೆ ಫೋನು ಮಾಡಿ ಗಂಡನ ಕೈಗೆ ಕೊಟ್ಟಳು. ಅವನು ನಕ್ಕ. “ಭಾವ, ಅದನ್ನ ಕ್ಲಾಸಲ್ಲಿ ಹಳೇ ಚೌಕದ ಪರದೆಗೆ ಜೋಡಿಸಿದ್ದೆ. ಆ ಅಳತೆ ಹಾಗೇ ಉಳಿದಿದೆ, ಚಿತ್ರ ಅಗಲಕ್ಕೆ ಎಳ್ಕೊಂಡಿದೆ. ಸೆಟ್ಟಿಂಗ್‌ಗೆ ಹೋಗಿ ಬದಲಾಯಿಸಿ, ಅಷ್ಟೇ.”

“ನಾನು ಏನೋ ಒತ್ತೋದು, ಅದು ಕೆಡೋದು, ರಿಪೇರಿಗೆ ನೀನೇ ಬರೋದು. ಗೊತ್ತಾಯ್ತು ಬಿಡಪ್ಪ” ಎಂದು ಅಳತೆರಾಯರು ಫೋನಿಟ್ಟು ಕತ್ತರಿ ಎತ್ತಿಕೊಂಡರು.

ಕೋಟು ಬೆಳೆಯುತ್ತಿದ್ದಂತೆ ಅನುಮಾನವೂ ಬೆಳೆಯಿತು. ಹೆಂಡತಿ ಅಡುಗೆಮನೆಯಲ್ಲಿ ಫೋನಿನಲ್ಲಿ ಪಿಸುಗುಟ್ಟುತ್ತಾಳೆ. ಇವರು ಹೋದರೆ ಮಾತು ನಿಲ್ಲುತ್ತದೆ. ಚೀಲ ಹಿಡಿದು ಹೊರಗೆ ಹೋಗುತ್ತಾಳೆ, ತರಕಾರಿಯಿಲ್ಲದೆ ಬರುತ್ತಾಳೆ. ಒಮ್ಮೆ ರಸ್ತೆಯಾಚೆಯ ಎದುರಂಗಡಿ ದರ್ಜಿಯ ಹತ್ತಿರ ನಿಂತಿದ್ದಳು. ಆ ದರ್ಜಿ ಕಾಲರಿನ ಅಂಚಿಗೆ ಜೋಡಿ ಹೊಲಿಗೆ ಹಾಕುವವನು. “ತನ್ನ ಹೊಲಿಗೇನ ತಾನೇ ನಂಬದೋನು” ಎಂದು ಅಳತೆರಾಯರು ಹಂಗಿಸುತ್ತಿದ್ದರು.

“ಅಲ್ಲೇನು ಕೆಲಸ?”

“ಗುಂಡಿ ತಗೊಂಡೆ.”

“ದರ್ಜಿ ಮನೇಲಿ ಗುಂಡಿಗೆ ಬರವಾ?”

ಅವಳು ಚೀಲ ಹಿಡಿದು ಅಡುಗೆಮನೆಗೆ ನಡೆದಳು. ಕೋಟು ಕಳಿಸುವ ದಿನ ಪಾರ್ಸಲ್ಲು ಉಬ್ಬಿಕೊಂಡಿತ್ತು. ಒಳಗೆ ತಿಂಡಿಯಿದೆ ಎಂದು ಅಳತೆರಾಯರು ಕತ್ತರಿ ತಂದರು.

“ನೀವು ಅದನ್ನ ಬಿಚ್ಚಿದ್ರೆ ನಾನು ಬಾಯಿ ಬಿಚ್ತೀನಿ” ಎಂದಳು ಹೆಂಡತಿ. ಕತ್ತರಿ ಡಬ್ಬಕ್ಕೆ ಮರಳಿತು.

ಸಂದರ್ಶನದ ಬೆಳಗ್ಗೆ ಭಾವಮೈದುನ ತಾನೇ ಬಂದ. ಅಳತೆರಾಯರು ಅವನ ಬೆರಳುಗಳನ್ನೇ ಕಾಯುತ್ತ ಬೆನ್ನ ಹಿಂದೆ ನಿಂತರು. ಅವನು ಎಲ್ಲೋ ಒತ್ತಿದ, ಏನನ್ನೋ ಆರಿಸಿದ, ಮುಗಿಯಿತು. ಅಷ್ಟರಲ್ಲಿ ಮಗಳ ಕರೆ ಬಂತು. ಗಡಿಯಾರ ಗುಂಡಗಿತ್ತು. ಮಗಳು ಕಡ್ಡಿಯಂತೆಯೇ ಇದ್ದಳು.

ಅಯ್ಯೋ, ಕೋಟು! ಮಗಳ ಮಾನ ಹೋಯಿತು, ಕೆಲಸ ಹೋಯಿತು, ಎಲ್ಲ ನನ್ನಿಂದ ಎಂದು ಅಳತೆರಾಯರ ಕಣ್ಣು ತುಂಬಿ ಬಂತು.

ಮಗಳು ಎದ್ದು ಹಿಂದೆ ಸರಿದಳು. ಕೋಟು ಮೈಗೆ ಎರಕ ಹೊಯ್ದಂತಿತ್ತು.

ಅಳತೆರಾಯರು ಒಮ್ಮೆಲೇ ಒಂದು ಗೇಣು ಬೆಳೆದರು. “ನೋಡಿದ್ರಾ? ಪರದೆ ಸುಳ್ಳು ಹೇಳಬಹುದು, ನನ್ನ ಕೈ ಹೇಳಲ್ಲ! ಇನ್ನು ನೀವಿಬ್ರೂ...”

ಅಷ್ಟರಲ್ಲಿ ಅವರ ಕಣ್ಣು ಕೋಟಿನ ಮೇಲೆ ಬಿತ್ತು. ಕಾಲರಿನ ಅಂಚಿನಲ್ಲಿ ಜೋಡಿ ಹೊಲಿಗೆ ಇತ್ತು.

ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ಅವಳು ಛಾವಣಿಯ ಫ್ಯಾನನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು.

“ಏನ್ಮಾಡ್ಲಿ ರೀ, ಅವಳು ಹೇಳಿದ ಅಳತೇನ ಎದುರಂಗಡಿಯವನು ಸುಮ್ನೆ ನಂಬಿದ.”

“ಬೇಜಾರಾಗ್ಬೇಡಪ್ಪ, ನಿನ್ನ ಕೋಟು ನಮ್ಮಿಬ್ರಿಗೂ ತುಂಬ ಇಷ್ಟ!” ಎಂದಳು ಮಗಳು. ಪಕ್ಕದ ಮಂಚದ ಗೆಳತಿಯನ್ನು ಎಳೆದು, ಅಪ್ಪನ ಕೋಟನ್ನು ಇಬ್ಬರ ಹೆಗಲಿಗೂ ಸುತ್ತಿ ಗುಂಡಿ ಹಾಕಿ ತೋರಿಸಿದಳು. ಗುಂಡಿಗಳೆಲ್ಲ ಸಲೀಸಾಗಿ ಕೂತವು.

ಅಳತೆರಾಯರು ಭಾವಮೈದುನನ ಕಿವಿಯ ಬಳಿ ಬಾಗಿದರು. “ಅಪ್ಪಾ, ಈ ಪರದೇನ ಮೊದಲು ಹೇಗಿತ್ತೋ ಹಾಗೇ ಮಾಡಿಬಿಡು.”

“ಮಾಡು ತಮ್ಮ, ಮಾಡು” ಎಂದಳು ಹೆಂಡತಿ. “ಆ ಜೋಡಿ ಹೊಲಿಗೆ ಇನ್ನೂ ಚೆನ್ನಾಗಿ ಅಗಲಕ್ಕೆ ಕಾಣುತ್ತೆ.”