ಪಲ್ಟನ್ ಪೂಜಾರಿಯ ಹುಂಜ

ನಮ್ಮ ಮಾವನಷ್ಟು ಸಲ ತಲೆ ಬೋಳಿಸಿಕೊಂಡ ಮನುಷ್ಯ ಈ ಹೊಸೂರು ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಬೇಕಾದರೆ ಪಂದ್ಯ ಕಟ್ಟಿ! ಯುದ್ಧದಿಂದ ಬಂದ ಮೇಲೆ ಅವನ ತಲೆಯ ಮೇಲೆ ಕೂದಲು ನಿಂತದ್ದನ್ನು ನಾನು ನೋಡಿರಲಿಲ್ಲ. ಕ್ಷೌರದವನೇ ಬೇಸತ್ತು, "ಸ್ವಾಮಿ, ಒಸಿ ಬೆಳೆಯಕ್ಕಾದ್ರೂ ಬುಡಿ" ಅಂದಿದ್ದ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಮಾವ ಅಂದರೆ ನಮ್ಮವ್ವನ ತಮ್ಮ, ಉದ್ದನಪಲ್ಲಿಯ ಈಶ್ವರನ ಗುಡಿಯ ಪೂಜಾರಿ. ಯುದ್ಧದಲ್ಲಿ ಪಲ್ಟನ್ನಿಗೆ ಒಬ್ಬ ಪೂಜಾರಿ ಬೇಕು ಅಂದರು, ಹೋದ. ಅವನಿಗೆ ಬಂದೂಕು ಕೊಡಲಿಲ್ಲ, ಗಂಟೆ ಕೊಟ್ಟರು. ಹೊಸದಾಗಿ ಸೇರಿದವರಿಗೆ ದೇವರ ಮುಂದೆ ಪ್ರಮಾಣ ಮಾಡಿಸುವುದು, ಹಬ್ಬ ಮಾಡಿಸುವುದು, ಸತ್ತವರಿಗೆ ಮಂತ್ರ ಹೇಳುವುದು ಅವನ ಕೆಲಸ. ಎರಡು ವರ್ಷ ಬರ್ಮಾದ ಕಾಡಿನಲ್ಲಿದ್ದು ವಾಪಸ್ ಬಂದ.

ಬಂದವನು ಪೂಜಾರಿಯೋ ಹವಾಲ್ದಾರನೋ ಇವತ್ತಿಗೂ ಬಗೆಹರಿದಿಲ್ಲ! ಮಂಗಳಾರತಿಗೆ ಸೀಟಿ ಊದುತ್ತಾನೆ. ತೀರ್ಥಕ್ಕೆ ಎಲ್ಲರೂ ಸಾಲು ನಿಲ್ಲಬೇಕು. ಒಂದು ದಿನ ಊರ ಗೌಡರು ಸಾಲು ಮುರಿದು ಮುಂದೆ ಬಂದು ಕೈ ಚಾಚಿದರು.

"ಹಿಂದಕ್ಕೋಗಿ ಗೌಡ್ರೇ."

"ಯೋವ್, ಈ ಗುಡಿ ಕಟ್ಸಿದ್ದು ನಮ್ ತಾತ ಕಣಯ್ಯ!"

"ನಿಮ್ ತಾತ ಎದ್ದು ಬಂದ್ರೂ ಸಾಲಲ್ಲೇ ನಿಲ್ಲಿಸ್ತೀನಿ."

ಗೌಡರು ಹನ್ನೆರಡನೆಯವರಾಗಿ ತೀರ್ಥ ಕುಡಿದರು. ಅವತ್ತಿನಿಂದ ಮಾವನ ಮೇಲೆ ಹಲ್ಲು ಮಸೆಯತೊಡಗಿದರು.

ಮಾವನ ಹತ್ತಿರ ಒಂದು ತಗಡಿನ ಟ್ರಂಕು ಇತ್ತು. ಬರ್ಮಾದ ಬಂಗಾರ ಅಂತ ಊರೆಲ್ಲ ಗುಸುಗುಸು. ನಾನು ಗುಸುಗುಸು ಮಾಡುವವನಲ್ಲ, ಹೋಗಿ ತೆಗೆದೇಬಿಟ್ಟೆ. ಒಳಗೆ ಅರಿಶಿನ ಬಟ್ಟೆಯ ಪುಟ್ಟ ಪುಟ್ಟ ಗಂಟುಗಳು. ಒಂದೊಂದು ಗಂಟಿನಲ್ಲೂ ಒಂದೊಂದು ಅಂಗಿಯ ಗುಂಡಿ! ಇದಕ್ಕಾ ಬೀಗ?

ಹಿಂದಿನಿಂದ ಬಂದ ಮಾವ ಮೊದಲು ತಲೆಗೆ ಒಂದು ಮೊಟಕಿದ. ಆಮೇಲೆ ಹೇಳಿದ. ಕಾದಾಡಲು ಮುಂದಕ್ಕೆ ಹೊರಟ ಹುಡುಗರು ಇವನ ಹತ್ತಿರ ಬಂದು ಊರದೇವರಿಗೆ ಹರಕೆ ಹೊರುತ್ತಿದ್ದರಂತೆ. ಹರಕೆ ಅಂದಮೇಲೆ ಮುಡಿಪು ಕಟ್ಟಿಡಬೇಕಲ್ಲ, ಕಾಡಿನಲ್ಲಿ ಏನಿದೆ? ಅಂಗಿಯ ಗುಂಡಿ ಕಿತ್ತರು, ಗಾಯಕ್ಕೆ ಕಟ್ಟುವ ಬಟ್ಟೆಗೆ ಅಡುಗೆಯ ಅರಿಶಿನ ಹಚ್ಚಿ ಗಂಟು ಹಾಕಿದರು. ಮಾರನೆಯ ದಿನ ಪರೇಡಿನಲ್ಲಿ ನೋಡಿದರೆ ಅರ್ಧ ಪಲ್ಟನ್ನಿನ ಎದೆ ಬಿಚ್ಚಿಕೊಂಡಿದೆ! ಬಿಳಿ ಸಾಹೇಬ ಕಿರುಚಿದ: "ಯಾರು ಕದ್ದದ್ದು?"

ಮಾವ ಒಂದು ಹೆಜ್ಜೆ ಮುಂದೆ ಬಂದು, "ದೇವರು, ಸಾಹೇಬ್" ಅಂದನಂತೆ.

ಅಷ್ಟೂ ಅಂಗಿಗೆ ಗುಂಡಿ ಹೊಲಿಯುವ ಶಿಕ್ಷೆ ಅವನಿಗೇ ಬಿತ್ತು. ಹೊಲಿದ. ಮುಂದಿನ ವಾರ ಆ ಗುಂಡಿಗಳೂ ಟ್ರಂಕಿಗೇ ಬಂದವು!

ಬದುಕಿ ಬಂದವರು ತಮ್ಮ ತಮ್ಮ ಗಂಟು ಇಸಿದುಕೊಂಡು ಹೋದರು. ಉಳಿದ ಗಂಟುಗಳ ಹರಕೆಯನ್ನೆಲ್ಲ ಮಾವ ತಾನೇ ತೀರಿಸಲು ಹೊರಟ. ಒಬ್ಬನು ಮುಡಿ ಕೊಡುವ ಹರಕೆ ಹೊತ್ತಿದ್ದರೆ ಇವನ ತಲೆ ಬೋಳು. ಇನ್ನೊಬ್ಬನು ಉರುಳುಸೇವೆ ಹೊತ್ತಿದ್ದರೆ ಉರಿಬಿಸಿಲಲ್ಲಿ ಇವನು ಉರುಳಿದ. ಕೃಷ್ಣಗಿರಿಯ ದರ್ಗಾಕ್ಕೂ ಸಕ್ಕರೆ ಹೊತ್ತುಕೊಂಡು ಹೋದ. ಊರು ನಕ್ಕು ಸುಮ್ಮನಿತ್ತು. ಕೊನೆಗೆ ಒಂದೇ ಗಂಟು ಉಳಿಯಿತು. ಬೇರಿಕೆಯ ಹುಡುಗನದು. ಅವನ ಹರಕೆ ಏನು ಗೊತ್ತೇ? ಮಾರಮ್ಮನಿಗೆ ಒಂದು ಹುಂಜ!

ನಮ್ಮದು ಮೊಟ್ಟೆ ಅನ್ನುವ ಮಾತನ್ನೂ ಅಡುಗೆಮನೆಗೆ ಬಿಡದ ಮನೆ. ಗೌಡರಿಗೆ ಇಷ್ಟು ಸಾಕಾಯಿತು.

"ಕೋಳಿ ಮುಟ್ಟಿದ ಕೈಲಿ ಈಶ್ವರನ್ನ ಮುಟ್ಟಂಗಿಲ್ಲ ಪೂಜಾರಪ್ಪ. ಓಗೋದಾದ್ರೆ ಬೀಗದ ಕೈ ಮಡಗ್ಬುಟ್ಟು ಓಗು."

ಅಪ್ಪ, ತಾತ ಪೂಜೆ ಮಾಡಿದ ಗುಡಿ. ಅದು ಬಿಟ್ಟರೆ ಮಾವನಿಗೆ ಬೇರೆ ಬದುಕಿಲ್ಲ. ಮಾವ ಗೌಡರಿಗೊಂದು ಸಲಾಮು ಹೊಡೆದು, ಬೀಗದ ಕೈ ಕಲ್ಲಿನ ಮೇಲಿಟ್ಟು ಹೊರಟೇಬಿಟ್ಟ! ಹುಂಜ ಯಾರ ಕಂಕುಳಲ್ಲಿ? ನನ್ನ ಕಂಕುಳಲ್ಲಿ.

ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ತಮಿಳು ಕಂಡಕ್ಟರು, ಕೋಳಿಗೂ ಟಿಕೆಟ್ ತಗೋ ಅಂತ, "ಕೋಳಿಕ್ಕುಂ ಟಿಕೆಟ್ ಎಡು" ಅಂದ.

"ಡ್ಯೂಟಿ ಮೇಲೆ ಹೋಗೋ ಕೋಳಿಗೆ ಟಿಕೆಟ್ ಇಲ್ಲ!" ಅಂತ ಮಾವ ಗದರಿದ. ಪಾಪ, ಕಂಡಕ್ಟರು ಹುಂಜಕ್ಕೆ ದಾರಿ ಬಿಟ್ಟ.

ನನಗೆ ತಡೆಯಲಾಗಲಿಲ್ಲ. "ಮಾವ, ವಾಪಸ್ ಬಂದ್ರೆ ಕೊಡ್ತೀನಿ ಅಂತ ತಾನೇ ಹರಕೆ? ಅವ್ನು ಬರ್ಲೇ ಇಲ್ಲ. ಮಾರಮ್ಮಂಗೆ ಯಾಕ್ ಕೊಡ್ಬೇಕು? ಕೆಲ್ಸ ಮಾಡ್ದೆ ಕೂಲಿ ಕೇಳ್ದಂಗಾಯ್ತಲ್ಲ!"

"ಬಾಯ್ ಮುಚ್ಕಂಡು ಕೋಳಿ ಇಡ್ಕಳ್ಲಾ."

ಬೇರಿಕೆಯಲ್ಲಿ ಹುಡುಗನ ತಾಯಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮಾವ ನೆಟ್ಟಗೆ ನಿಂತು, ಯಾರೆಂದು ಹೇಳಿ, ಗಂಟು ಕೊಟ್ಟು, ಹರಕೆಯ ಸಂಗತಿ ತಿಳಿಸಿದ. ಆಕೆ ಗಂಟು ಬಿಚ್ಚಿದಳು. ಗುಂಡಿಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ನಾನು ಕೇಳಿದ್ದನ್ನೇ ಮೆಲ್ಲಗೆ ಕೇಳಿದಳು.

"ಬಂದ್ರೆ ತಾನೇ ಸ್ವಾಮಿ ಕೊಡೋದು? ಅವ್ನು ಬರ್ಲಿಲ್ವಲ್ಲ."

ಗೌಡರನ್ನೇ ಸಾಲು ನಿಲ್ಲಿಸಿದ ಬಾಯಿ ತಡವರಿಸಿತು. "ಈ ಗುಂಡಿ ಕೊಡೋವಾಗ ಕೇಳ್ದ ತಾಯಿ, ವಾಪಸ್ ಬತ್ತೀನಾ ಸ್ವಾಮಿ ಅಂತ. ಬತ್ತೀಯ ಕಣಪ್ಪಾ ಅಂದೆ. ಎಲ್ರಿಗೂ ಅಂಗೇ ಅಂದೆ. ಮಾತು ಕೊಟ್ಟೋನು ನಾನು. ಮಾರಮ್ಮ ಅಲ್ಲ."

ಆಕೆ ಗುಂಡಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಎದ್ದು ಬಂದು ನನ್ನ ಕಂಕುಳಿಂದ ಹುಂಜವನ್ನು ತೆಗೆದುಕೊಂಡಳು.

"ಕುಯ್ಯದು ಬ್ಯಾಡ ಸ್ವಾಮಿ. ಈ ಮನೇಲಿ ಗಂಡು ದನಿ ಕೇಳಿ ಬೋ ದಿನ ಆಯ್ತು. ಇದು ಇಲ್ಲೇ ಕೂಗ್ಕಂಡಿರ್ಲಿ. ಮಾರಮ್ಮಂಗೆ ನಾನು ಹೇಳ್ಕತೀನಿ."

ಊರಿಗೆ ಬಂದಾಗ ಗೌಡರು ಗುಡಿಯ ಜಗಲಿಯ ಮೇಲೆ ಬೀಗದ ಕೈ ಹಿಡಿದು ಕೂತಿದ್ದರು. ನಡೆದದ್ದನ್ನೆಲ್ಲ ನಾನೇ ಹೇಳಿದೆ. ಅವರು ಮೂಗು ಒರೆಸಿಕೊಂಡು ಕೇಳಿದರು: "ಅದ್ಸರಿ, ಕೋಳಿ ಮುಟ್ಟಿದ್ದು ಯಾರ್ಲಾ?"

"ನಾನೇ."

"ಅಂಗಾದ್ರೆ ನೀನು ಗುಡಿಯೊಳಕ್ಕೆ ಬರ್ಬ್ಯಾಡ." ಬೀಗದ ಕೈಯನ್ನು ಮಾವನ ಅಂಗೈಯಲ್ಲಿಟ್ಟರು. ನ್ಯಾಯವೇ ಇದು?

ಈಗ ಮೂರು ತಿಂಗಳಾಯಿತು. ನಾನು ಬಾಗಿಲಾಚೆ ಸಾಲಿನ ತುದಿಯಲ್ಲಿ ನಿಂತು ತೀರ್ಥ ತೆಗೆದುಕೊಳ್ಳುತ್ತೇನೆ. ತೀರಿಸಲು ಹರಕೆ ಉಳಿದಿಲ್ಲವಲ್ಲ, ಮಾವನ ತಲೆಯಲ್ಲಿ ಕೂದಲು ಬೆಳೆಯುತ್ತಿದೆ. ನನಗಿನ್ನೂ ಇಪ್ಪತ್ತು, ಅವನು ನನಗಿಂತ ಹತ್ತೇ ವರ್ಷಕ್ಕೆ ದೊಡ್ಡವನು. ಕರಿ ಜುಟ್ಟು ಕಟ್ಟಿಕೊಂಡು ಯುದ್ಧಕ್ಕೆ ಹೋಗಿದ್ದ. ಮೊನ್ನೆ ತೀರ್ಥ ಕೊಡಲು ಬಗ್ಗಿದಾಗ ನೋಡಿದೆ.

ಒಂದು ಕೂದಲೂ ಕಪ್ಪಿಲ್ಲ.